ಕೂತು ತೋರಿಸಿದ ತಪ್ಪಿಗೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಒಂದು ಕುರ್ಚಿಯ ಮೇಲೆ ಒಬ್ಬ ಮನುಷ್ಯ ಕೂತದ್ದು. ಕುರ್ಚಿ ಇರುವುದೇ ಕೂರುವುದಕ್ಕೆ, ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಕುಶನ್ ಕೂಡ ಹಾಗೇ ಕೇಳಿದ. ಉತ್ತರವಾಗಿ ಅವನಿಗೆ ನೋಟೀಸು ಬಂತು.

ಕುಶನ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವುದು ಅವನ ಕೆಲಸ. ಮೈಕಟ್ಟೂ ಕೆಲಸಕ್ಕೆ ತಕ್ಕಂತೆ ದುಂಡಗೆ, ಮೆತ್ತಗೆ. ಬೀದಿಯವರು ಎರಡನ್ನೂ ಸೇರಿಸಿ ಒಂದೇ ಹೆಸರಿನಲ್ಲಿ ಮುಗಿಸಿಬಿಟ್ಟಿದ್ದರು. ಅವನ ಪಕ್ಕದ ಫರ್ನಿಚರ್ ಅಂಗಡಿ ಅಣ್ಣನದು. ಹಿಂದಿನ ಪಾಲಿಶ್ ಶೆಡ್ಡು ಅತ್ತಿಗೆಯ ಹೆಸರಿನಲ್ಲಿ. ಮೂರಕ್ಕೂ ಸೇರಿ ಮೇಲೆ ಒಂದು ಉದ್ದನೆಯ ಬೋರ್ಡು: ‘ಸೋದರ ಸಮೂಹ’. ಬೋರ್ಡು ಬರೆಸಿದವನು ಅಣ್ಣ. ಒಳ್ಳೆಯ ವ್ಯಾಪಾರ ಕುದುರಿದಾಗ ಅವನು ಆ ಬೋರ್ಡನ್ನು ನೋಡುತ್ತಲೇ ಇರಲಿಲ್ಲ. ತೊಂದರೆ ಬಂದಾಗ ಮಾತ್ರ ಅದರ ಕಡೆ ಕೈ ತೋರಿಸಿ, “ನಾವೆಲ್ಲ ಒಂದೇ ಕಣೋ” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಣ್ಣನಿಗೆ ಇನ್ನೊಂದು ಅಭ್ಯಾಸವಿತ್ತು. ಗಿರಾಕಿ ಕುರ್ಚಿಯನ್ನು ಅಲುಗಾಡಿಸಿ, “ಗಟ್ಟಿ ಇದೆಯಾ?” ಎಂದು ಕೇಳಿದ ತಕ್ಷಣ ಪಕ್ಕದ ಅಂಗಡಿಗೆ ಕೇಳುವಂತೆ ಕೂಗುತ್ತಿದ್ದ. “ತಮ್ಮಾ, ಬಂದು ಸ್ವಲ್ಪ ಕೂತು ತೋರಿಸು!” ಕುಶನ್ ಹೊಲಿಗೆ ಬಿಟ್ಟು ಬಂದು, ಕೂತು, ನಕ್ಕು, ಎದ್ದು ಹೋಗುತ್ತಿದ್ದ. ಇವನನ್ನೇ ತಡೆದ ಕುರ್ಚಿ ಇನ್ಯಾರನ್ನು ತಡೆಯುವುದಿಲ್ಲ ಎಂದು ಗಿರಾಕಿ ಒಪ್ಪಿಕೊಳ್ಳುತ್ತಿದ್ದ. ಕೂತದ್ದಕ್ಕೆ ಕುಶನ್‌ಗೆ ಒಂದು ಲೋಟ ಚಹಾ ಕೂಡ ಸಿಕ್ಕಿದ್ದಿಲ್ಲ.

ಹೀಗೆ ಒಂದು ದಿನ ಊರಿನ ನಾಟಕದ ಥಿಯೇಟರಿನ ಮ್ಯಾನೇಜರು ಬಂದಿದ್ದರು. ಕುಶನ್ ಕೂತ, ನಕ್ಕ, ಎದ್ದ. ಇಡೀ ಥಿಯೇಟರಿನ ಕುರ್ಚಿಗಳ ಆರ್ಡರು ಅಣ್ಣನಿಗೆ ಸಿಕ್ಕಿತು. ಕುರ್ಚಿಗಳೂ ಬಂದು ಕೂತವು. ಆಮೇಲೆ ಶುರುವಾಯಿತು ಗೋಳು. ವೇದಿಕೆಯ ಮೇಲೆ ನಾಯಕಿ ಕೊನೆಯುಸಿರೆಳೆಯುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಮಗ್ಗುಲು ಬದಲಿಸುವುದು, ಕುರ್ಚಿ ‘ಕಿರ್ರ್’ ಎನ್ನುವುದು, ಇಡೀ ಸಭೆ ಗೊಳ್ಳೆಂದು ನಗುವುದು. ಸತ್ತ ನಾಯಕಿಯೂ ಒಮ್ಮೆ ನಕ್ಕಳಂತೆ.

ಕುರ್ಚಿ ಕಿರುಗುಟ್ಟುತ್ತದೆ ಎಂದರು ಮ್ಯಾನೇಜರು. ಕೂರುವವರಿಗೆ ಕೂರಲು ಬರುವುದಿಲ್ಲ ಎಂದ ಅಣ್ಣ. ಅವರಿಬ್ಬರ ಕರಾರಿನಲ್ಲಿ, ಜಗಳ ಬಂದರೆ ಕೋರ್ಟಿಗೆ ಅಲೆಯದೆ ಒಬ್ಬ ಮಧ್ಯಸ್ಥರ ಮುಂದೆ ತೀರಿಸಿಕೊಳ್ಳಬೇಕು, ಅವರು ಹೇಳಿದ್ದೇ ಕೊನೆ ಎಂಬ ಒಂದು ಸಾಲಿತ್ತು. ಅದಕ್ಕೆ ಸಹಿ ಹಾಕಿದವರು ಅಣ್ಣ ಮತ್ತು ಮ್ಯಾನೇಜರು, ಇಬ್ಬರೇ. ಕುಶನ್ ಆ ಕಾಗದವನ್ನು ಕಣ್ಣಿನಲ್ಲೂ ಕಂಡಿರಲಿಲ್ಲ. ಆದರೂ ಥಿಯೇಟರಿನವರು ಇಡೀ ಸೋದರ ಸಮೂಹವನ್ನು ಮಧ್ಯಸ್ಥರ ಮುಂದೆ ಎಳೆದರು. ಮಧ್ಯಸ್ಥರು ಮೊದಲ ದಿನವೇ ಒಂದು ಆಜ್ಞೆ ಮಾಡಿದರು: ತೀರ್ಮಾನವಾಗುವ ತನಕ ಸಮೂಹದ ಒಂದು ಮೊಳೆಯೂ ಇದ್ದ ಜಾಗ ಬಿಟ್ಟು ಕದಲಬಾರದು.

ಆ ಮೊಳೆಗಳ ಜೊತೆ ಕುಶನ್‌ನ ಹೊಲಿಗೆ ಮೆಷಿನ್ನೂ ಸೇರಿಕೊಂಡಿತ್ತು. ಅವನಿಗೆ ಕಷ್ಟವಾದದ್ದು ಅದೇ. ಅಣ್ಣನ ನೆರಳಿನಿಂದ ಹೊರಗೆ ಬರಬೇಕೆಂದು ಅವನೂ ಅವನ ಹೆಂಡತಿಯೂ ಎಷ್ಟೋ ಕಾಲದಿಂದ ಹಂಬಲಿಸಿ, ಥಿಯೇಟರಿನ ಹಿಂದಿನ ಓಣಿಯಲ್ಲಿ ಒಂದು ಚಿಕ್ಕ ರೂಮು ನೋಡಿದ್ದರು. ಮುಂದಿನ ವಿಚಾರಣೆಯ ದಿನ ಸಂಜೆಯೊಳಗೆ ಮೆಷಿನ್ ತಂದಿಟ್ಟರೆ ರೂಮು ಇವರದು, ಇಲ್ಲದಿದ್ದರೆ ಪಂಕ್ಚರ್ ಹಾಕುವವನದು. ‘ಮೆತ್ತೆ ಮನೆ’ ಎಂಬ ಪುಟ್ಟ ಬೋರ್ಡು ಆಗಲೇ ತಯಾರಾಗಿ ಮಂಚದ ಕೆಳಗೆ ಮಲಗಿತ್ತು. ಕುಶನ್ ದಿನಾ ಮಲಗುವ ಮುಂಚೆ ಬಗ್ಗಿ ಅದನ್ನೊಮ್ಮೆ ನೋಡುತ್ತಿದ್ದ. ಬಗ್ಗಿದಾಗ ಮೊಣಕಾಲು ‘ಕಟಕ್’ ಎನ್ನುತ್ತಿತ್ತು.

ಆ ದಿನ ಬೆಳಿಗ್ಗೆ ಹೆಂಡತಿಯ ಅಣ್ಣ ಬಂದ. ವಕೀಲ. ಸ್ವಂತ ಭಾವ ಎಂದು ಬಿಟ್ಟಿ ವಾದ ಮಾಡುತ್ತಿದ್ದ. ಬಿಟ್ಟಿ ವಕೀಲನ ಮಾತನ್ನು ಮೀರುವ ಧೈರ್ಯ ಯಾರಿಗಿದೆ?

“ನೋಡಿ ಭಾವ, ನೀವು ಸಹಿ ಹಾಕಿಲ್ಲ ಅನ್ನೋದು ಸಾಲದು” ಎಂದ. “ಸಹಿ ಹಾಕದೇ ಇದ್ರೂ, ಆ ವ್ಯವಹಾರದಲ್ಲಿ ಕೈ ಹಾಕಿದ್ರೆ, ಒಂದೇ ಮನೆ ವ್ಯಾಪಾರದ ಹಾಗೆ ನಡ್ಕೊಂಡಿದ್ರೆ, ನಿಮ್ಮನ್ನೂ ಕಟ್ಟಿಹಾಕಬಹುದು.”

“ಅಯ್ಯೋ, ನಾನು ಕೈಯೇ ಹಾಕಿಲ್ಲ ಭಾವ. ಬರೀ ಕೂತೆ.”

“ಅದೇ ತೊಂದರೆ ಬಂದಿರೋದು! ಕೂತದ್ದೇ ಅವರ ಸಾಕ್ಷಿ. ಅದಕ್ಕೇ ಹೇಳ್ತೀನಿ ಕೇಳಿ. ವಿಚಾರಣೆ ಇವತ್ತು ಥಿಯೇಟರಿನಲ್ಲೇ. ಅಲ್ಲಿರೋದೆಲ್ಲ ಅವೇ ಕುರ್ಚಿ. ನೀವು ಒಂದರ ಮೇಲೂ ಕೂರಬಾರದು. ಒರಗಲೂ ಬಾರದು. ಬಾಯಿ ಬಿಡಬಾರದು. ದಾರೀಲಿ ಹೋಗೋನು ಬಾಗಿಲಲ್ಲಿ ನಿಂತ ಹಾಗೆ ನಿಂತಿರಬೇಕು. ಗೊತ್ತಾಯ್ತಾ?”

“ಎಷ್ಟು ಹೊತ್ತು?”

“ನೀವು ಯಾರೂ ಅಲ್ಲ ಅಂತ ತೀರ್ಮಾನ ಆಗೋ ತನಕ.”

ಹೆಂಡತಿ ಕುಶನ್‌ನ ಅಂಗಿಯ ಕಾಲರ್ ಸರಿಮಾಡುತ್ತಾ, “ರೀ, ದಮ್ಮಯ್ಯ, ಇವತ್ತೊಂದು ದಿನ ಯಾರು ಕೂಗಿದ್ರೂ ಕೂರಬೇಡಿ. ನಾನು ಸಂಜೆ ರೂಮಿನ ಬೀಗದಕೈ ಇಸ್ಕೊಂಡು ಅಲ್ಲಿಗೇ ಬರ್ತೀನಿ” ಎಂದಳು. ಮದುವೆಯಾದ ಮೇಲೆ ಅವಳು ಗಂಡನನ್ನು ಇಷ್ಟು ಸಣ್ಣ ಸಹಾಯ ಕೇಳಿದ್ದು ಅದೇ ಮೊದಲು.

ಬೀದಿಗಿಳಿದರೆ ಎದುರಿನ ಕ್ಷೌರದಂಗಡಿಯವನು ಆಗಲೇ ಬೀಗ ಹಾಕಿ ನಿಂತಿದ್ದ. “ನಡಿ ಕುಶನ್, ನಾನೂ ಬರ್ತೀನಿ. ಕಷ್ಟದಲ್ಲಿ ನೆರೆಯವನು ಅಲ್ದೆ ಇನ್ಯಾರು ಬರ್ತಾರೆ? ನಿನ್ನ ಪರವಾಗಿ ನಾಲ್ಕು ಮಾತು ಹೇಳ್ತೀನಿ.” ಬೇಡವೆಂದರೂ ಕೇಳಲಿಲ್ಲ. ಪರೋಪಕಾರದ ಹುಚ್ಚು ಹಿಡಿದವನನ್ನು ತಡೆಯುವುದು ಕಷ್ಟ, ಅದರಲ್ಲೂ ಅವನ ಅಂಗಡಿಗೆ ಗಿರಾಕಿಯಿಲ್ಲದ ದಿನ.

ಥಿಯೇಟರಿನ ಒಳಗೆ ಸಾಲಿಗೆ ಸಾಲು ಕೆಂಪು ಕುರ್ಚಿಗಳು. ವೇದಿಕೆಯ ಮೇಲೆ, ಹಿಂದಿನ ನಾಟಕದ ಅರಮನೆ ಪರದೆ ಇನ್ನೂ ಇಳಿಬಿದ್ದಿದ್ದರಿಂದ, ಮಧ್ಯಸ್ಥರು ಮಹಾರಾಜರ ಹಾಗೆ ಕಾಣುತ್ತಿದ್ದರು. ನಿವೃತ್ತ ನ್ಯಾಯಾಧೀಶರು, ನಿವೃತ್ತಿಯ ಮೇಲೆ ಮನೆಯಲ್ಲಿ ಯಾರೂ ಮಾತು ಕೇಳದ ಕಾರಣ ಇಂಥ ಕೆಲಸಗಳನ್ನು ಪ್ರೀತಿಯಿಂದ ಒಪ್ಪಿಕೊಳ್ಳುತ್ತಿದ್ದರು. ಒಂದು ಕಡೆ ಮ್ಯಾನೇಜರು ಮತ್ತು ಅವರ ವಕೀಲೆ. ಬೀದಿಯವರೆಲ್ಲ ಆಕೆಯನ್ನು ಲಾಯರಮ್ಮ ಎನ್ನುತ್ತಿದ್ದರು. ಇನ್ನೊಂದು ಕಡೆ ಅಣ್ಣ, ಒಬ್ಬನೇ. ತನ್ನ ವಾದ ತಾನೇ ಮಾಡುತ್ತೇನೆ ಎಂದು ಬಂದಿದ್ದ.

ಮಧ್ಯಸ್ಥರು ಬಂದ ಕೂಡಲೇ ರೇಗಿದರು. “ಕುರ್ಚಿ ಕಿರುಗುಟ್ಟುತ್ತೋ ಇಲ್ವೋ ಅಂತ ಇನ್ನೂ ನನಗೆ ಗೊತ್ತಾಗಿಲ್ಲ. ಹೋದ ಸಲ ಅಂಗಡಿಯವರ ಆಳುಗಳು ಕೂತರು. ಉಸಿರು ಬಿಗಿಹಿಡಿದು, ಮೊಟ್ಟೆ ಮೇಲೆ ಕೂತ ಹಾಗೆ ಕೂತರು. ಶಬ್ದ ಇಲ್ಲ. ಆಮೇಲೆ ಥಿಯೇಟರಿನವರ ಆಳುಗಳು ಕೂತರು. ಕೂತರು ಅನ್ನೋದಕ್ಕಿಂತ ಹಾರಿದರು. ನೆಲವೇ ಕಿರುಗುಟ್ಟಿತು. ಎರಡು ಕಡೆಗೂ ಸೇರದ ಒಬ್ಬ ಮನುಷ್ಯ ಈ ಊರಿನಲ್ಲಿ ಇಲ್ವೇನ್ರೀ?”

ಇರಲಿಲ್ಲ. ಊರಿನ ಅರ್ಧ ಜನ ಅಣ್ಣನ ಅಂಗಡಿಯ ಮಂಚದ ಮೇಲೆ ಮಲಗುತ್ತಿದ್ದರು, ಇನ್ನರ್ಧ ಜನ ಮ್ಯಾನೇಜರ ಬಿಟ್ಟಿ ಪಾಸಿನಲ್ಲಿ ನಾಟಕ ನೋಡುತ್ತಿದ್ದರು. ಎರಡನ್ನೂ ಮಾಡುವವರೂ ಬೇಕಾದಷ್ಟಿದ್ದರು.

“ಇರಲಿ. ಮೊದಲು ಈ ಮೆತ್ತೆಯವರು ನಮ್ಮ ಮುಂದೆ ಬರಬೇಕೋ ಬೇಡವೋ ನೋಡೋಣ. ಎಲ್ಲಿ ಅವರು? ಯಾಕೆ ನಿಂತಿದೀರಿ? ಕೂತ್ಕೊಳ್ಳಿ” ಎಂದರು ಮಧ್ಯಸ್ಥರು.

ಕುಶನ್ ತಲೆಯಲ್ಲಾಡಿಸಿದ.

“ಕೂತ್ಕೊಳ್ಳಿ ಸಾರ್, ಪರವಾಗಿಲ್ಲ” ಎಂದರು ಲಾಯರಮ್ಮ ಜೇನು ಸವರಿದ ಧ್ವನಿಯಲ್ಲಿ.

“ಕೂತ್ಕೊಳೋ, ಕಾಲು ನೋಯುತ್ತೆ” ಎಂದ ಅಣ್ಣ. “ಕೂತ್ಕೋ ಕುಶನ್, ದುಡ್ಡೇನೂ ಕೇಳಲ್ಲ” ಎಂದ ಕ್ಷೌರದವನು. ಕುಶನ್ ಹಲ್ಲು ಕಚ್ಚಿ ನಿಂತ.

ವಾದ ಶುರುವಾಯಿತು. ವಕೀಲ ಭಾವ ಎದ್ದು, ನನ್ನ ಕಕ್ಷಿದಾರರು ಸಹಿ ಹಾಕಿಲ್ಲ ಎಂಬ ಒಂದೇ ಮಾತನ್ನು ನಾನಾ ಬಗೆಯಲ್ಲಿ ಹೇಳಿ ಕೂತ. ಕೂತಾಗ ಅವನ ಕುರ್ಚಿ ‘ಕಿ’ ಎಂದು ಅರ್ಧಕ್ಕೆ ನಿಲ್ಲಿಸಿತು. ಲಾಯರಮ್ಮ ಎದ್ದರು.

“ಸಹಿ ಕೈಯಿಂದಲೇ ಆಗಬೇಕು ಅಂತೇನಿಲ್ಲ ಸಾರ್. ನಡತೆ ನೋಡಬೇಕು. ಒಂದೇ ಬೋರ್ಡು, ಒಂದೇ ಮನೆ, ಒಂದೇ ಅಡುಗೆ. ಈ ಆರ್ಡರು ಕುದುರಿದ್ದೇ ಇವರು ಕೂತು ತೋರಿಸಿದ್ದಕ್ಕೆ. ನಮ್ಮ ಮ್ಯಾನೇಜರು ಇವರ ನಗು ನೋಡಿ ನಂಬಿದ್ರು. ಇದು ನೋಡಿ, ಅಂಗಡಿಯವರು ಹಂಚಿದ ಕ್ಯಾಟಲಾಗು.”

ಕ್ಯಾಟಲಾಗಿನ ಮುಖಪುಟದಲ್ಲಿ ಕುಶನ್ ಕೂತಿದ್ದ. ಕುರ್ಚಿ ಕಾಣುತ್ತಲೇ ಇರಲಿಲ್ಲ. ಗಾಳಿಯಲ್ಲಿ ಕೂತು ನಗುತ್ತಿದ್ದ ಹಾಗಿತ್ತು.

ಆಗ ಕ್ಷೌರದವನಿಗೆ ತಡೆದುಕೊಳ್ಳಲಾಗಲಿಲ್ಲ. “ಸಾರ್, ನಾನು ಇವನ ಪರ ಒಂದು ಮಾತು ಹೇಳ್ತೀನಿ. ಇವನು ಬಂಗಾರದಂಥ ಮನುಷ್ಯ. ನನ್ನ ಕನ್ನಡೀಲಿ ದಿನಾ ನೋಡ್ತೀನಿ. ಅಣ್ಣ ಕೂಗಿದ ಅಂದ್ರೆ ಸಾಕು, ದಾರ ಕಚ್ಚಿಕೊಂಡೇ ಓಡಿಬರ್ತಾನೆ. ಒಂದು ದಿನ ಒಲ್ಲೆ ಅಂದವನಲ್ಲ. ಈ ಕಾಲದಲ್ಲಿ ಅಣ್ಣನ ವ್ಯಾಪಾರಕ್ಕೆ ಹೀಗೆ ನಿಂತ... ಅಲ್ಲ, ಹೀಗೆ ಕೂತ ತಮ್ಮ ಎಲ್ಲಿದಾನೆ ಸಾರ್?”

“ಬಹಳ ಉಪಕಾರವಾಯ್ತು” ಎಂದರು ಲಾಯರಮ್ಮ. ವಕೀಲ ಭಾವ ಹಣೆ ಹಣೆ ಚಚ್ಚಿಕೊಂಡ.

ಮಧ್ಯಸ್ಥರು ಅಣ್ಣನ ಕಡೆ ತಿರುಗಿದರು. “ನೀವೇನು ಹೇಳ್ತೀರಿ? ತಮ್ಮನಿಗೂ ನಿಮ್ಮ ವ್ಯವಹಾರಕ್ಕೂ ಸಂಬಂಧ ಇದೆಯಾ?”

ಅಣ್ಣ ಕರವಸ್ತ್ರ ತೆಗೆದ. ಕರವಸ್ತ್ರ ಹೊರಗೆ ಬಂತೆಂದರೆ ಮುಂದಿನ ಮಾತು ಏನೆಂದು ಕುಶನ್‌ಗೆ ಗೊತ್ತು.

“ಏನು ಹೇಳಲಿ ಸಾರ್? ನಾವೆಲ್ಲ ಒಂದೇ. ಕಷ್ಟವೋ ಸುಖವೋ, ಒಟ್ಟಿಗೆ ಅನುಭವಿಸೋರು. ಅವನನ್ನ ಬೇರೆ ಅಂದ್ರೆ ನನ್ನ ಕರುಳನ್ನೇ ಬೇರೆ ಅಂದ ಹಾಗೆ.”

ಮ್ಯಾನೇಜರು ಕೂಡ ಮೂಗು ಸೀಟಿದರು. ಮಧ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು. ಕುಶನ್‌ನ ಕಣ್ಣ ಮುಂದೆ ಮಂಚದ ಕೆಳಗಿನ ಬೋರ್ಡು ಒಮ್ಮೆ ಬಂದು ಹೋಯಿತು. ಕೂರಬಾರದು, ಒರಗಬಾರದು ಎಂದಿದ್ದರೂ ಬೀಳದಿರಲಿ ಎಂದು ಮುಂದಿನ ಕುರ್ಚಿಯ ಮೆತ್ತೆಯ ಮೇಲೆ ಒಂದು ಕೈ ಊರಿದ.

ಮೆತ್ತೆ!

ಕೂರುವ ಆಸೆಯಾದೀತೆಂದು ಬೆಳಿಗ್ಗೆಯಿಂದ ಅವನು ಕುರ್ಚಿಗಳ ಕಡೆ ಸರಿಯಾಗಿ ನೋಡಿಯೇ ಇರಲಿಲ್ಲ. ಅವನ ಬೆರಳು ತಾನಾಗಿಯೇ ಅಂಚಿನ ಹೊಲಿಗೆಯ ಮೇಲೆ ಹರಿದಾಡಿತು. ಮೂಲೆಯಲ್ಲಿ ದಾರವನ್ನು ಒಳಗೆ ಎಳೆಯದೆ ಮೇಲೆಯೇ ಗಂಟು ಹಾಕಿ ಬಿಟ್ಟಿದ್ದರು. ಕೂತರೆ ತೊಡೆಗೆ ಚುಚ್ಚುವ ಗಂಟು. ಪಕ್ಕದ ಕುರ್ಚಿ ಮುಟ್ಟಿದ, ಅದರಲ್ಲೂ ಗಂಟು. ಈ ಥಿಯೇಟರಿನೊಳಕ್ಕೆ ಅವನು ಕಾಲಿಟ್ಟದ್ದೇ ಇವತ್ತು. ಅಂದು ಅಂಗಡಿಯಲ್ಲಿ ಅವನು ಕೂತು ತೋರಿಸಿದ್ದು ಬರೀ ಮರದ ಕುರ್ಚಿ.

“ಅಣ್ಣಾ!” ವಕೀಲನ ಆಣತಿಯೆಲ್ಲ ಗಾಳಿಗೆ ಹೋಯಿತು. “ಥಿಯೇಟರಿನ ಸೀಟು ಬರೀ ಮರದ್ದು, ಮೆತ್ತೆ ಇಲ್ಲ ಅಂತ ನೀನೇ ಅಂದಿದ್ದೆ!”

ಅಣ್ಣನ ಕರವಸ್ತ್ರ ಅರ್ಧದಲ್ಲಿ ನಿಂತಿತು. “ಅದು... ಆಮೇಲೆ ಹಾಕಿಸಬೇಕು ಅಂದ್ರು ಕಣೋ.”

“ಹಾಕಿದ್ದು ಯಾರು? ಇದು ನನ್ನ ಹೊಲಿಗೆ ಅಲ್ಲ! ಇಷ್ಟು ದೊಡ್ಡ ಮೆತ್ತೆ ಕೆಲಸ ಪಕ್ಕದ ಅಂಗಡೀಲಿ ತಮ್ಮನನ್ನ ಇಟ್ಕೊಂಡು ಹೊರಗಿನವನಿಗೆ ಕೊಟ್ಟೆಯಾ?”

“ಅವನು ಸ್ವಲ್ಪ ಅಗ್ಗಕ್ಕೆ ಮಾಡ್ತೀನಿ ಅಂದ...”

“ಕೂತು ತೋರಿಸೋಕೆ ನಾನು, ಕೆಲಸಕ್ಕೆ ಬೇರೆಯವನು! ಈ ಗಂಟು ನೋಡು, ನಾಯಿ ಬಾಲ ಕಟ್ಟಿದ ಹಾಗಿದೆ. ನಿನ್ನ ಕುರ್ಚಿನೂ ಹೀಗೇ ಇರುತ್ತೆ. ಹಸಿ ಮರ ಹಾಕ್ತೀಯ, ಕಿರುಗುಟ್ಟದೆ ಇನ್ನೇನು ಹಾಡುತ್ತಾ?”

ಕುಶನ್‌ಗೆ ಕೋಪಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು. ಹುಟ್ಟಿದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡ ಅಣ್ಣ. ಕೇಳಿದ್ದರೆ ಇನ್ನೂ ಅಗ್ಗಕ್ಕೆ ಮಾಡಿಕೊಡುತ್ತಿದ್ದ, ಬಿಟ್ಟಿಯಾಗಿಯೇ ಮಾಡಿಕೊಡುತ್ತಿದ್ದ.

ವಕೀಲ ಭಾವನಿಗೆ ಮಾತ್ರ ಇದು ಅಳುವ ಹೊತ್ತಾಗಿ ಕಾಣಲಿಲ್ಲ. ಸ್ಪ್ರಿಂಗಿನಂತೆ ಎದ್ದ. “ಕೇಳಿದಿರಲ್ಲ ಸಾರ್! ಕುರ್ಚಿಗೆ ಮೆತ್ತೆ ಹಾಕುವ ಕೆಲಸವನ್ನೇ ಮೆತ್ತೆ ಅಂಗಡಿಯ ತಮ್ಮನಿಗೆ ಕೊಡಲಿಲ್ಲ. ಆರ್ಡರಿನಲ್ಲಿ ಪಾಲಿಲ್ಲ, ಸುದ್ದಿಯೂ ಗೊತ್ತಿಲ್ಲ. ಇದು ಎಂಥ ಸಮೂಹ?”

ಮಧ್ಯಸ್ಥರು ಬಹಳ ಹೊತ್ತು ಮೆತ್ತೆಯ ಗಂಟನ್ನು ಮುಟ್ಟಿ ನೋಡಿದರು. ಊಟದ ಹೊತ್ತು ಕಳೆಯಿತು, ಚಹಾದ ಹೊತ್ತು ಬಂತು. ಎಲ್ಲರೂ ಕೂತು ಚಹಾ ಕುಡಿದರು. ಕುಶನ್ ನಿಂತು ನೋಡಿದ. ಆಮೇಲೆ ಮಧ್ಯಸ್ಥರು ತೀರ್ಮಾನ ಓದಿದರು.

“ಒಂದೇ ಬೋರ್ಡಿನ ಕೆಳಗಿದ್ದ ಮಾತ್ರಕ್ಕೆ ಒಂದೇ ಅಲ್ಲ. ಕೂತು ಎದ್ದ ಮಾತ್ರಕ್ಕೆ ಪಾಲುಗಾರನಲ್ಲ. ಸ್ವಂತ ಅಣ್ಣನೇ ಇವರನ್ನು ಹೊರಗಿಟ್ಟು ವ್ಯವಹಾರ ಮಾಡಿದ್ದಾರೆ. ಆದ್ದರಿಂದ ಇವರು ಈ ಕರಾರಿಗೆ ಬದ್ಧರಲ್ಲ, ಸಮೂಹಕ್ಕೆ ಸೇರಿದವರೂ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಇವರು ಎರಡೂ ಕಡೆಗೆ ಯಾವ ಸಂಬಂಧವೂ ಇಲ್ಲದ ಮನುಷ್ಯ. ಮೆಷಿನ್ನು ಎಲ್ಲಿಗೆ ಬೇಕಾದರೂ ತಗೊಂಡು ಹೋಗಲಿ.”

ಕ್ಷೌರದವನು ಚಪ್ಪಾಳೆ ತಟ್ಟಿದ. ಕುಶನ್‌ನ ಮೈಯಿಂದ ಒಂದು ಮೂಟೆ ಇಳಿದ ಹಾಗಾಯಿತು. ಗೆದ್ದಿದ್ದ. ಅಣ್ಣನ ಮೋಸದಿಂದಲೇ ಗೆದ್ದದ್ದು ಎಂಬುದು ಮನಸ್ಸಿಗೆ ಕಹಿಯಾದರೂ, ಗೆಲುವು ಗೆಲುವೇ. ಇನ್ನು ಕೂರಬಹುದು! ಹತ್ತಿರದ ಕುರ್ಚಿಯ ಕಡೆ ಬೆನ್ನು ತಿರುಗಿಸಿ ಮೆಲ್ಲಗೆ ಬಗ್ಗಿದ.

“ನಿಲ್ಲಿ! ಕೂರಬೇಡಿ!” ಎಂದು ಚೀರಿದರು ಮಧ್ಯಸ್ಥರು.

ಕುಶನ್ ಅರ್ಧದಲ್ಲೇ ನಿಂತ.

ಮಧ್ಯಸ್ಥರ ಕಣ್ಣುಗಳು ಹೊಳೆಯುತ್ತಿದ್ದವು. “ಎರಡು ಕಡೆಗೂ ಸೇರದ ಮನುಷ್ಯ ಬೇಕು ಅಂತ ಎಷ್ಟು ದಿನದಿಂದ ಹುಡುಕ್ತಿದ್ದೆ! ಈಗಷ್ಟೇ ನಾನೇ ತೀರ್ಮಾನ ಮಾಡಿದೀನಿ, ಇವರು ಯಾರಿಗೂ ಸೇರಿದವರಲ್ಲ. ಮೇಲಾಗಿ ತಕ್ಕ ತೂಕವೂ ಇದೆ. ಈ ಕುರ್ಚಿಗಳನ್ನೆಲ್ಲ ಇವರೇ ಕೂತು ಪರೀಕ್ಷೆ ಮಾಡಲಿ. ಯಾರದ್ದಾದರೂ ಆಕ್ಷೇಪಣೆ?”

ಅಣ್ಣ ಕರವಸ್ತ್ರ ಜೇಬಿಗೆ ತುರುಕಿ, “ನನ್ನದೇನೂ ಇಲ್ಲ ಸಾರ್” ಎಂದ. ಎಷ್ಟೆಂದರೂ ಒಡಹುಟ್ಟಿದವನು, ಮೆತ್ತಗೆ ಕೂರದೆ ಇರುತ್ತಾನೆಯೇ ಎಂಬ ಭರವಸೆ ಅವನಿಗೆ. “ನಮ್ಮದೂ ಇಲ್ಲ” ಎಂದರು ಲಾಯರಮ್ಮ. ಹಸಿ ಮರದ ಮಾತು ಆಕೆಯ ಕಿವಿಯಲ್ಲಿನ್ನೂ ತಂಪಾಗಿತ್ತು. ಜಗಳ ಶುರುವಾದಂದಿನಿಂದ ಎರಡೂ ಕಡೆಯವರು ಒಪ್ಪಿದ್ದು ಇದೊಂದೇ ವಿಷಯ.

ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ಬೀಗದಕೈ. “ರೀ, ಸಿಕ್ತು! ಮೆಷಿನ್ನು ಗಾಡಿಗೆ ಹಾಕ್ಸೋಣ ನಡೀರಿ!”

“ಅದು ನಮ್ಮ ಬೀಗದಕೈ ಅಲ್ವಾ?” ಎಂದರು ಮ್ಯಾನೇಜರು ಇಣುಕಿ ನೋಡಿ. “ಹಿಂದಿನ ಓಣಿ ರೂಮುಗಳೆಲ್ಲ ಥಿಯೇಟರಿಗೇ ಸೇರಿದ್ದು. ನಮ್ಮ ಕಾವಲುಗಾರನ ಹತ್ತಿರ ಇಸ್ಕೊಂಡ್ರಾ?”

“ಹಾಗಾದ್ರೆ ವಾಪಸ್ ಕೊಡಿಮ್ಮ” ಎಂದರು ಮಧ್ಯಸ್ಥರು ಮೃದುವಾಗಿ. “ಪರೀಕ್ಷೆ ಮಾಡೋರು ಯಾವ ಕಡೆಯವರ ಜಾಗವನ್ನೂ ತಗೋಬಾರದು. ಅಂಗಡಿಯವರ ಪಕ್ಕದ ಜಾಗವೂ ಇನ್ನು ಸರಿಯಲ್ಲ. ಅಂದ ಹಾಗೆ, ಮನೆ ಎಲ್ಲಿ ನಿಮ್ಮದು?”

“ಅಣ್ಣನ ಮನೇಲೇ” ಎಂದ ಕುಶನ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಛೆ ಛೆ. ಪರೀಕ್ಷೆ ಮುಗಿಯೋ ತನಕ ಅಲ್ಲಿಗೂ ಹೋಗೋ ಹಾಗಿಲ್ಲ.”

ಹೆಂಡತಿ ಬೀಗದಕೈಯನ್ನು ಮ್ಯಾನೇಜರ ಅಂಗೈಗೆ ಹಾಕಿದಳು. ಆಮೇಲೆ ತನ್ನ ಅಣ್ಣನ ಕಡೆ ತಿರುಗಿ, “ಚೆನ್ನಾಗಿ ಬಿಡಿಸಿಕೊಟ್ಟೆ ಕಣಣ್ಣ. ಭಾಗ ಆಗ್ಬೇಕು ಅಂದಿದ್ದು ಅವರಣ್ಣನಿಂದ, ನನ್ನಿಂದ ಅಲ್ಲ” ಎಂದಳು. ವಕೀಲ ಭಾವ ಕೋಟಿನ ಗುಂಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಶುರು ಮಾಡೋಣ. ಮೊದಲನೇ ಸಾಲು, ಮೊದಲನೇ ಕುರ್ಚಿ” ಎಂದರು ಮಧ್ಯಸ್ಥರು.

“ಮೆತ್ತಗೆ ಕೂತ್ಕೊಳೋ ತಮ್ಮಾ” ಎಂದ ಅಣ್ಣ, ಅಭ್ಯಾಸ ಬಲದಿಂದ. “ಸಹಜವಾಗಿ ಕೂರಿ, ಜೋರಾಗಿ ಸಹಜವಾಗಿ” ಎಂದರು ಮ್ಯಾನೇಜರು. ಕುಶನ್ ಯಾರ ಮುಖವನ್ನೂ ನೋಡದೆ ಕೂತ.

‘ಕಿರ್ರ್...ಕಟಕ್!’

“ಕೇಳಿಸ್ತಾ? ಕೇಳಿಸ್ತಾ?” ಮ್ಯಾನೇಜರು ಕುಣಿದರು.

“ಅದು ಕುರ್ಚಿ ಅಲ್ಲ ಸಾರ್, ಅವನ ಮೊಣಕಾಲು!” ಅಣ್ಣ ಕೂಗಿದ. “ಚಿಕ್ಕಂದಿನಿಂದ ಒಂದೇ ಕೋಣೇಲಿ ಮಲಗಿದೀವಿ, ನನಗೆ ಗೊತ್ತಿಲ್ವಾ?”

ಮಧ್ಯಸ್ಥರು ಕುಶನ್‌ನನ್ನೇ ಕೇಳಿದರು. “ನೀವೇ ಹೇಳಿ. ಯಾವುದು?”

ಕುಶನ್ ಯೋಚಿಸಿ ನಿಜವನ್ನೇ ಹೇಳಿದ. “ಗೊತ್ತಾಗ್ಲಿಲ್ಲ ಸಾರ್. ಬೆಳಿಗ್ಗೆಯಿಂದ ನಿಂತು ನಿಂತು ಎಲ್ಲಾ ಒಂದೇ ಆಗ್ಬಿಟ್ಟಿದೆ.”

“ಮೊಣಕಾಲಿಗೂ ನಮ್ಮ ಕರಾರಿಗೂ ಏನು ಸಾರ್ ಸಂಬಂಧ?” ಅಣ್ಣ ಮೇಜು ಗುದ್ದಿದ. “ಮೊಣಕಾಲು ಸಹಿ ಹಾಕಿದೆಯಾ?”

“ಸಹಿ ಹಾಕದಿದ್ರೇನು?” ಲಾಯರಮ್ಮ ಎದ್ದೇಬಿಟ್ಟರು. “ಕೂರೋ ಕೆಲಸದಲ್ಲಿ ಭಾಗವಹಿಸಿದೆ. ಸೊಂಟ, ತೊಡೆ, ಮೊಣಕಾಲು, ಎಲ್ಲ ಒಂದೇ ಸಮೂಹ!”

ಮಧ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಅವರ ಮುಖದಲ್ಲಿ ನಿವೃತ್ತಿಯಾದ ಮೇಲೆ ಇಷ್ಟು ಸಂತೋಷ ಯಾರೂ ಕಂಡಿರಲಿಲ್ಲ. “ಬಹಳ ಗಹನವಾದ ಪ್ರಶ್ನೆ. ಇದನ್ನು ಮೊದಲು ತೀರ್ಮಾನ ಮಾಡದೆ ಎರಡನೇ ಕುರ್ಚಿಗೆ ಹೋಗೋಕಾಗಲ್ಲ. ನಾಳೆ ಬೆಳಿಗ್ಗೆ ವಿವರವಾದ ವಾದ ಕೇಳ್ತೀನಿ. ಅಲ್ಲಿಯವರೆಗೆ ಮೊಣಕಾಲು ಇದ್ದ ಜಾಗ ಬಿಟ್ಟು ಕದಲಬಾರದು.”

“ಅಂದ್ರೆ?” ಎಂದ ಕುಶನ್.

“ಅಂದ್ರೆ, ನೀವು ಏಳಬೇಡಿ.”

ಎಲ್ಲರೂ ಚಪ್ಪಲಿ ಮೆಟ್ಟಿ ಹೊರಟರು. ಕ್ಷೌರದವನು ಬೆನ್ನು ತಟ್ಟಿ, “ಗೆದ್ದೆಯಲ್ಲ, ಬಿಡು” ಎಂದು ಹೇಳಿ ಹೋದ. ಅಣ್ಣ ಬಾಗಿಲ ತನಕ ಹೋಗಿ, ತಿರುಗಿ ನೋಡಿ, ಏನೋ ಹೇಳಲು ಬಾಯಿ ತೆರೆದ. ಮಧ್ಯಸ್ಥರು ಬೆರಳಾಡಿಸಿದರು, ಬಾಯಿ ಮುಚ್ಚಿಕೊಂಡು ಹೊರಟುಹೋದ. ಹೆಂಡತಿ ಮಾತ್ರ ಬುತ್ತಿ ತರುತ್ತೇನೆಂದು ಹೋದಳು. ಅದೂ ಅಣ್ಣನ ಮನೆಯ ಅಡುಗೆಯೇ ಆದ್ದರಿಂದ, ತರಬಹುದೋ ಬಾರದೋ ಎಂದು ದಾರಿಯುದ್ದಕ್ಕೂ ವಕೀಲ ಅಣ್ಣನನ್ನು ಬೈಯುತ್ತಾ ಕೇಳುವುದು ಅವಳ ಲೆಕ್ಕಾಚಾರವಾಗಿತ್ತು.

ಕುಶನ್ ಅರಮನೆ ಪರದೆಯನ್ನು ನೋಡುತ್ತಾ ಕೂತ. ಮೆತ್ತೆಯ ಮೂಲೆಯ ಗಂಟು ತೊಡೆಗೆ ಚುಚ್ಚುತ್ತಿತ್ತು. ಒಂದು ಸೂಜಿಯಿದ್ದಿದ್ದರೆ ಬಿಚ್ಚಿ ಸರಿಯಾಗಿ ಹೊಲಿಯಬಹುದಿತ್ತು, ಆದರೆ ಅದಕ್ಕೆ ಏಳಬೇಕಿತ್ತು.